ರಿಪೋರ್ಟ್ ಸರಿ ಇದೆ ಅಂತಾರೆ, ನನಗೆ ಮೈ ಸರಿ ಇಲ್ಲ. ಥೈರಾಯ್ಡ್ ಬಗ್ಗೆ ಗೊತ್ತಿರುವವರು ಹೇಳಿ

ಡೊಂಬಿವಲಿ ಈಸ್ಟ್ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾನು ಕುಂದಾಪುರ ಕಡೆಯವಳು. ಮದುವೆಯಾಗಿ ಡೊಂಬಿವಲಿಗೆ ಬಂದು 22 ವರ್ಷ ಆಯಿತು. ವಯಸ್ಸು 47. ಘಾಟ್ಕೋಪರ್‌ನ ಒಂದು ಆಫೀಸಿನಲ್ಲಿ ಅಕೌಂಟ್ಸ್ ಕೆಲಸ.

ಎರಡನೇ ಮಗಳು ಹುಟ್ಟಿದ ಮೇಲೆ, 2011ರಲ್ಲಿ, ಥೈರಾಯ್ಡ್ ಕಡಿಮೆ ಇದೆ ಎಂದು ಗೊತ್ತಾಯಿತು. ಅಂದಿನಿಂದ ಥೈರಾಯ್ಡ್ ಹಾರ್ಮೋನಿನ ಮಾತ್ರೆ, ಥೈರೊನಾರ್ಮ್ 75 ಮೈಕ್ರೋಗ್ರಾಂ. ಬೆಳಿಗ್ಗೆ ಐದೂವರೆಗೆ ಎದ್ದ ಕೂಡಲೇ ಬರೀ ನೀರಿನಲ್ಲಿ ನುಂಗುತ್ತೇನೆ. ಆರೂವರೆ ತನಕ ಕಾಫಿ ಮುಟ್ಟುವುದಿಲ್ಲ. ಇಷ್ಟು ವರ್ಷ ಟಿಎಸ್‌ಎಚ್ (ಥೈರಾಯ್ಡಿಗೆ ಅಪ್ಪಣೆ ಕೊಡುವ ಹಾರ್ಮೋನ್, ಥೈರಾಯ್ಡ್ ಕಡಿಮೆಯಾದರೆ ಇದು ಏರುತ್ತದೆ, ಜಾಸ್ತಿಯಾದರೆ ಇಳಿಯುತ್ತದೆ) 2, 3ರ ಆಸುಪಾಸಿನಲ್ಲೇ ಇತ್ತು. ನನಗೆ ಥೈರಾಯ್ಡ್ ಇದೆ ಅನ್ನುವುದೇ ಮರೆತುಹೋಗಿತ್ತು.

ಈ ಜನವರಿಯಲ್ಲಿ ಪ್ಯಾಕೇಜ್ ಟೆಸ್ಟ್ ಮಾಡಿಸಿದೆ. ಟಿಎಸ್‌ಎಚ್ 0.16 ಬಂತು. ಫ್ರೀ ಟಿ4, ಅಂದರೆ ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನ್, 2.2, ಅಲ್ಲಿ ಮೇಲಿನ ಗಡಿ 1.7. ಡಾಕ್ಟರು ನೋಡಿ, ಡೋಸ್ ಜಾಸ್ತಿಯಾಗಿದೆ ಎಂದು 75ರಿಂದ 25ಕ್ಕೆ ಇಳಿಸಿದರು. ಉಳಿದದ್ದೆಲ್ಲ ಚೆನ್ನಾಗಿತ್ತು. ವಿಟಮಿನ್ ಡಿ ಕೂಡ 94 ಇತ್ತು, ಡಾಕ್ಟರೇ ಖುಷಿಪಟ್ಟರು. ಮಾರ್ಚಿನಲ್ಲಿ ಮತ್ತೆ ಟೆಸ್ಟ್. ಟಿಎಸ್‌ಎಚ್ 2.1, ಫ್ರೀ ಟಿ4 1.6. "ಈಗ ಬರೋಬ್ಬರಿ ಆಯಿತು, ಇದೇ ಮುಂದುವರಿಸಿ" ಅಂದರು.

ಆದರೆ ರಿಪೋರ್ಟ್ ಸರಿಯಾಗುತ್ತಾ ಬಂದ ಹಾಗೆ ನಾನು ಕೆಡುತ್ತಾ ಬಂದೆ. ಈ ಮೇ ತಿಂಗಳ ಸೆಕೆಯಲ್ಲಿ ಆಫೀಸಿನಲ್ಲಿ ಶಾಲು ಹೊದ್ದು ಕೂರುತ್ತೇನೆ. ಬೆಳಿಗ್ಗೆ ಏಳುವಾಗ ಮುಖ ಬಾತುಕೊಂಡಿರುತ್ತದೆ, ಬಳೆ ಕೈಗೆ ಏರುವುದಿಲ್ಲ. ನಾಲ್ಕು ದಿನಕ್ಕೊಮ್ಮೆ ಹೊಟ್ಟೆ ಹೋದರೆ ಹೆಚ್ಚು. ಐದು ಕಿಲೋ ತೂಕ ಏರಿದೆ. ಮಗಳು ತನ್ನ ವಾಚ್ ನನ್ನ ಕೈಗೆ ಕಟ್ಟಿ ನೋಡಿದಾಗ ನಾಡಿ 56. ಧ್ವನಿ ದಪ್ಪವಾಗಿದೆ. ಊರಿಗೆ ಫೋನ್ ಮಾಡಿದರೆ ಅಮ್ಮ "ಶೀತವಾ ಮಗಾ?" ಎಂದು ಪ್ರತಿ ಸಲ ಕೇಳುತ್ತಾರೆ. ಹೋದ ವಾರ ಕಲ್ಯಾಣ್ ಲೋಕಲ್‌ನಲ್ಲಿ ನಿದ್ದೆ ಹತ್ತಿ ಡೊಂಬಿವಲಿ ದಾಟಿಹೋಯಿತು. 22 ವರ್ಷದಲ್ಲಿ ಹೀಗೆ ಆಗಿರಲಿಲ್ಲ.

ಎಲ್ಲಕ್ಕಿಂತ ಕಷ್ಟ ಲೆಕ್ಕದ್ದು. ಒಂದೇ ಕಾಲಂ ಮೂರು ಸಲ ಕೂಡಿಸಿದರೂ ಮೂರು ಉತ್ತರ ಬರುತ್ತದೆ. ನನ್ನ ಅನ್ನವೇ ಅದು.

ಡಾಕ್ಟರು ಮುಟ್ಟು ನಿಲ್ಲುವ ವಯಸ್ಸಿನದ್ದು ಇರಬಹುದು ಅನ್ನುತ್ತಾರೆ. ಮನೆಯಲ್ಲಿ ಟೆನ್ಷನ್ ಅನ್ನುತ್ತಾರೆ. ಬೇರೆ ಯಾವ ಔಷಧಿಯೂ ಇಲ್ಲ. ಬಿಪಿ, ಶುಗರ್ ಇಲ್ಲ. ಇದು ಥೈರಾಯ್ಡ್ ಅಲ್ಲದಿದ್ದರೆ ಮತ್ತೇನು? ಯಾರಿಗಾದರೂ ಹೀಗೆ ಆಗಿದೆಯಾ?

ಮುಲುಂಡ್ ವೆಸ್ಟ್:

ಅಕ್ಕ, ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ತಗೊಳ್ತೀರಾ? ನನಗೆ ಮಂಡಿನೋವಿಗೆ ಕ್ಯಾಲ್ಸಿಯಂ ಕೊಟ್ಟಿದ್ದರು. ಎರಡನ್ನೂ ಒಟ್ಟಿಗೆ ನುಂಗುತ್ತಿದ್ದೆ. ಟಿಎಸ್‌ಎಚ್ 11ಕ್ಕೆ ಹೋಯಿತು. ಥೈರಾಯ್ಡ್ ಮಾತ್ರೆಗೂ ಅದಕ್ಕೂ ನಾಲ್ಕು ಗಂಟೆ ಅಂತರ ಬೇಕಂತೆ. ಕ್ಯಾಲ್ಸಿಯಂ ರಾತ್ರಿ ಊಟಕ್ಕೆ ಹಾಕಿಕೊಂಡ ಮೇಲೆ ಡೋಸ್ ಏರಿಸದೆಯೇ 3ಕ್ಕೆ ಬಂತು. ಒಮ್ಮೆ ನೋಡಿಕೊಳ್ಳಿ.

ಡೊಂಬಿವಲಿ ಈಸ್ಟ್:

ಇಲ್ಲಮ್ಮ, ಎರಡೂ ಇಲ್ಲ. ನಿಮಗೆ ಟಿಎಸ್‌ಎಚ್ ಏರಿದೆ, ನನ್ನದು ಇಳಿದದ್ದು. ಅದೇ ಅರ್ಥವಾಗುತ್ತಿಲ್ಲ.

ಕೊತ್ರೂಡ್, ಪುಣೆ:

ಅಕ್ಕಾ, ನಾನು ಧಾರವಾಡದವನು. ಪುಣೆಯ ಒಂದು ಲ್ಯಾಬಿನಲ್ಲಿ 19 ವರ್ಷದಿಂದ ಹಾರ್ಮೋನ್ ಟೆಸ್ಟ್ ಮಾಡುವ ಮಷೀನಿನ ಮುಂದೆ ನಿಂತಿದ್ದೇನೆ. ಡಾಕ್ಟರ್ ಅಲ್ಲ, ಟೆಕ್ನಿಷಿಯನ್. ನಿಮ್ಮ ಬರಹ ಎರಡು ಸಲ ಓದಿದೆ. ಒಂದು ಅಂಕಿ ನನ್ನನ್ನು ಹಿಡಿದು ನಿಲ್ಲಿಸಿತು. ಅದು ಥೈರಾಯ್ಡಿನದ್ದಲ್ಲ, ವಿಟಮಿನ್ ಡಿ 94.

ಬೆಳಿಗ್ಗೆ ಕತ್ತಲಲ್ಲಿ ಲೋಕಲ್ ಹತ್ತಿ, ದಿನವಿಡೀ ಟ್ಯೂಬ್‌ಲೈಟಿನ ಕೆಳಗೆ ಕೂತು, ಸಂಜೆ ಕತ್ತಲಲ್ಲಿ ಮನೆಗೆ ಬರುವವರಿಗೆ ವಿಟಮಿನ್ ಡಿ ಮಾತ್ರೆ ಇಲ್ಲದೆ 94 ಬರುವುದನ್ನು ನಾನು ನೋಡಿಲ್ಲ. 12, 15 ಬಂದರೆ ಆಶ್ಚರ್ಯವಿಲ್ಲ.

ಎರಡು ಪ್ರಶ್ನೆ ಕೇಳುತ್ತೇನೆ, ನೆನಪು ಮಾಡಿಕೊಂಡು ಹೇಳ್ರಿ. ಕೂದಲಿಗೆ, ಉಗುರಿಗೆ, ಚರ್ಮಕ್ಕೆ ಅಂತ ಏನಾದರೂ ತಗೊಳ್ತೀರಾ? ಔಷಧಿ ಅನ್ನಿಸದೆ ಇರುವಂಥದ್ದೂ ಸೇರಿ, ಗಮ್ಮಿ, ಪುಡಿ, ಕ್ಯಾಪ್ಸೂಲ್ ಏನೇ ಆಗಲಿ. ಮತ್ತೆ, ಟೆಸ್ಟಿನ ದಿನ ಬೆಳಿಗ್ಗೆ ರಕ್ತ ಕೊಡುವ ಮೊದಲು ಏನು ನುಂಗಿದ್ರಿ?

ಡೊಂಬಿವಲಿ ಈಸ್ಟ್:

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ ಎಂದಿತು.

ಹೌದು. ಕೂದಲು ತುಂಬಾ ಉದುರುತ್ತಿತ್ತು. ದೀಪಾವಳಿಗೆ ನಾದಿನಿ ಹೊರದೇಶದಿಂದ ಬಂದಾಗ ಒಂದು ದೊಡ್ಡ ಡಬ್ಬಿ ತಂದುಕೊಟ್ಟಳು. ದಿನಕ್ಕೊಂದು. ವಿಟಮಿನ್ ಅಷ್ಟೇ ಅಲ್ವಾ ಎಂದು ಡಾಕ್ಟರಿಗೆ ಹೇಳಲೇ ಇಲ್ಲ. ಅವರು "ಬೇರೆ ಔಷಧಿ?" ಎಂದು ಕೇಳಿದ್ದರು. ನಾನು ಇಲ್ಲ ಎಂದೆ.

ಈಗ ಡಬ್ಬಿ ನೋಡಿದೆ. ಬಯೋಟಿನ್ 10,000 ಮೈಕ್ರೋಗ್ರಾಂ ಎಂದಿದೆ.

ಟೆಸ್ಟಿನ ದಿನ ರಕ್ತ ಕೊಡುವ ತನಕ ಥೈರಾಯ್ಡ್ ಮಾತ್ರೆ ಬೇಡ ಎಂದಿದ್ದರು. ಅದು ಬಿಟ್ಟೆ. ಕೂದಲಿನದ್ದು ನುಂಗಿದೆ. ಐದೂವರೆಗೆ ನುಂಗಿ, ಏಳೂವರೆಗೆ ರಕ್ತ ಕೊಟ್ಟೆ. ಎರಡು ಸಲವೂ ಹಾಗೆಯೇ.

ಕೊತ್ರೂಡ್, ಪುಣೆ:

ಅಕ್ಕಾ, ಸಿಕ್ಕಿತು ಅನ್ನಿಸುತ್ತದೆ. ಗಾಬರಿ ಬೇಡ. ಸ್ವಲ್ಪ ಉದ್ದ ಬರೆಯುತ್ತೇನೆ. ಇದು ನಿಮಗೊಬ್ಬರಿಗೇ ಅಲ್ಲ, ಇಲ್ಲಿ ಓದುವ ಎಲ್ಲರಿಗೂ ಬೇಕು.

ಬಯೋಟಿನ್ ಅಂದರೆ ಬಿ7. ದೊಡ್ಡವರಿಗೆ ದಿನಕ್ಕೆ ಬೇಕಾದದ್ದು 30ರಿಂದ 40 ಮೈಕ್ರೋಗ್ರಾಂ. ಊಟದಲ್ಲೇ ಸಿಗುತ್ತದೆ. ನಿಮ್ಮ ಡಬ್ಬಿಯಲ್ಲಿ ಇರುವುದು ಕಡಿಮೆಯೆಂದರೂ ಅದರ 250 ಪಟ್ಟು. ಅದು ಸಾಮಾನ್ಯವಾಗಿ ಮೈಗೆ ಕೆಡುಕು ಮಾಡುವುದಿಲ್ಲ, ಮೂತ್ರದಲ್ಲಿ ಹೋಗಿಬಿಡುತ್ತದೆ. ನಿಮ್ಮ ಥೈರಾಯ್ಡಿಗೂ ಅದು ಏನೂ ಮಾಡಿಲ್ಲ. ಕೆಡಿಸಿದ್ದು ನಮ್ಮ ಮಷೀನಿನ ಲೆಕ್ಕವನ್ನು.

ಹೇಗೆ ಅಂದರೆ, ಹುಬ್ಬಳ್ಳಿ ಬಸ್ ಸ್ಟ್ಯಾಂಡ್ ನೆನಪು ಮಾಡಿಕೊಳ್ಳಿ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರೆ. ಟಿಎಸ್‌ಎಚ್ ಟೆಸ್ಟಿನಲ್ಲಿ ಟಿಎಸ್‌ಎಚ್ ಕಣವನ್ನು ಎರಡು ಪ್ರತಿಕಾಯಗಳು (ಆಂಟಿಬಾಡಿ) ಎರಡು ಕಡೆಯಿಂದ ಹಿಡಿಯುತ್ತವೆ. ಒಂದಕ್ಕೆ ಬೆಳಕು ಕೊಡುವ ಗುರುತು ಇರುತ್ತದೆ. ಇನ್ನೊಂದಕ್ಕೆ, ಬಹಳ ಮಷೀನುಗಳಲ್ಲಿ, ಬಯೋಟಿನ್ ಬಾಲ ಕಟ್ಟಿರುತ್ತಾರೆ. ಸೀಟು ಅಂದರೆ ಸಣ್ಣ ಮಣಿಗಳು. ಅವುಗಳ ಮೈಗೆ ಸ್ಟ್ರೆಪ್ಟಾವಿಡಿನ್ ಎನ್ನುವ ಪ್ರೋಟೀನ್ ಬಳಿದಿರುತ್ತದೆ. ಅದು ಬಯೋಟಿನ್ ಕಂಡರೆ ಗಟ್ಟಿಯಾಗಿ ಹಿಡಿಯುತ್ತದೆ, ಸುಲಭಕ್ಕೆ ಬಿಡುವುದಿಲ್ಲ. ಮಣಿಗೆ ಅಂಟಿದ್ದು ಉಳಿಯುತ್ತದೆ, ಉಳಿದದ್ದನ್ನು ತೊಳೆದು ಚೆಲ್ಲುತ್ತೇವೆ. ಆಮೇಲೆ ಬೆಳಕು ಅಳೆಯುತ್ತೇವೆ. ಬೆಳಕು ಎಷ್ಟೋ, ಟಿಎಸ್‌ಎಚ್ ಅಷ್ಟು.

ಈಗ ನಿಮ್ಮ ರಕ್ತದಲ್ಲಿ ಬಿಡಿ ಬಯೋಟಿನ್ ತುಂಬಿಕೊಂಡಿದೆ. ಅದೆಲ್ಲ ಮೊದಲೇ ಓಡಿಹೋಗಿ ಸೀಟಿನ ಮೇಲೆ ಟವೆಲ್ ಹಾಕಿ ಕೂತಿತು. ನಿಜವಾದ ಟಿಎಸ್‌ಎಚ್ ಹಿಡಿದುಕೊಂಡು ಬಂದ ಪ್ರತಿಕಾಯಕ್ಕೆ ಜಾಗ ಇಲ್ಲ. ತೊಳೆದಾಗ ಅದು ಹೊರಗೆ ಹೋಯಿತು. ಬೆಳಕು ಕಡಿಮೆ ಬಂತು. ಮಷೀನು ಟಿಎಸ್‌ಎಚ್ ಕಡಿಮೆ ಎಂದು ಬರೆಯಿತು.

ಫ್ರೀ ಟಿ4 ಟೆಸ್ಟಿನಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಬೆಳಕು ಕಡಿಮೆ ಬಂದರೆ ಹಾರ್ಮೋನ್ ಜಾಸ್ತಿ ಎಂದು ಅರ್ಥ. ವಿಟಮಿನ್ ಡಿಯದ್ದೂ ಅದೇ ತರಹ. ಹಾಗಾಗಿ ಒಂದೇ ಬಯೋಟಿನ್ ಟಿಎಸ್‌ಎಚ್ ಇಳಿಸುತ್ತದೆ, ಟಿ4 ಏರಿಸುತ್ತದೆ, ವಿಟಮಿನ್ ಡಿ ಏರಿಸುತ್ತದೆ. ಟಿಎಸ್‌ಎಚ್ ಕಡಿಮೆ, ಟಿ4 ಜಾಸ್ತಿ ಅಂದರೆ ಥೈರಾಯ್ಡ್ ಜಾಸ್ತಿಯಾದ ರೋಗದ ಚಿತ್ರವೇ. ಯಾವ ಡಾಕ್ಟರಾದರೂ ಡೋಸ್ ಇಳಿಸುತ್ತಾರೆ. ನಿಮ್ಮ ಡಾಕ್ಟರದ್ದು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಅವರ ಕೈಯಲ್ಲಿದ್ದ ಕಾಗದ ಹಾಗೆ ಹೇಳುತ್ತಿತ್ತು.

ನನ್ನ ಊಹೆ ಇಷ್ಟು. ಜನವರಿಯಲ್ಲಿ ನಿಮ್ಮ ಥೈರಾಯ್ಡ್ ಸರಿಯಾಗಿಯೇ ಇತ್ತು, ಅಂಕಿ ಸುಳ್ಳಾಗಿ ಇಳಿಯಿತು. 25ಕ್ಕೆ ಇಳಿಸಿದ ಮೇಲೆ ನಿಜವಾದ ಟಿಎಸ್‌ಎಚ್ ಮೇಲೆ ಹೋಗಿದೆ. ಆ ಏರಿದ ಅಂಕಿಯನ್ನೂ ಬಯೋಟಿನ್ ಕೆಳಕ್ಕೆ ಎಳೆದು ಸರಿಯಾಗಿ 2.1ಕ್ಕೆ ತಂದು ನಿಲ್ಲಿಸಿತು. ಸುಳ್ಳು ಅಂಕಿ ನಾರ್ಮಲ್ ಆಗಿ ಕಾಣುವುದು ಬಹಳ ಅಪಾಯ. ಯಾರಿಗೂ ಅನುಮಾನ ಬರುವುದಿಲ್ಲ.

ಇದು ನಾನು ಕಂಡುಹಿಡಿದದ್ದಲ್ಲ. 2016ರಲ್ಲಿ ಜರ್ಮನಿಯ ವೈದ್ಯರು ಆರು ಮಕ್ಕಳ ಕೇಸು ಬರೆದರು. ಹುಟ್ಟಿನಿಂದ ಬಂದ ಕಾಯಿಲೆಗೆ ಆ ಮಕ್ಕಳಿಗೆ ದೊಡ್ಡ ಡೋಸ್ ಬಯೋಟಿನ್ ಕೊಡುತ್ತಿದ್ದರು. ರಿಪೋರ್ಟಿನಲ್ಲಿ ಥೈರಾಯ್ಡ್ ಜಾಸ್ತಿಯಾಗುವ ಗ್ರೇವ್ಸ್ ಕಾಯಿಲೆ ಕಂಡಿತು. ಬಯೋಟಿನ್ ನಿಲ್ಲಿಸಿದರೆ ಅಂಕಿ ಸರಿಹೋಯಿತು. 2017ರಲ್ಲಿ ಅಮೆರಿಕದಲ್ಲಿ ಆರೋಗ್ಯವಾಗಿದ್ದ ಆರು ಜನರಿಗೆ ದಿನಕ್ಕೆ 10 ಮಿಲಿಗ್ರಾಂ, ಅಂದರೆ ನಿಮ್ಮ ಡಬ್ಬಿಯಷ್ಟೇ, ಒಂದು ವಾರ ಕೊಟ್ಟು ನೋಡಿದರು. ಕೆಲವು ಮಷೀನಿನಲ್ಲಿ ಕೆಲವು ಟೆಸ್ಟ್ ತಪ್ಪಿತು, ಬೇರೆ ಮಷೀನಿನಲ್ಲಿ ಅದೇ ರಕ್ತ ಸರಿ ಅಂಕಿ ಕೊಟ್ಟಿತು. ಅದೇ ವರ್ಷ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಹೊರಡಿಸಿತು. ಅದರಲ್ಲಿ ಒಬ್ಬ ರೋಗಿ ತೀರಿಕೊಂಡ ವಿಷಯ ಇತ್ತು. ಹೃದಯಾಘಾತ ಗುರುತಿಸುವ ಟ್ರೋಪೊನಿನ್ ಟೆಸ್ಟ್ ಬಯೋಟಿನ್‌ನಿಂದ ಸುಳ್ಳಾಗಿ ಕಡಿಮೆ ಬಂದಿತ್ತು. ಆಮೇಲೆ ಮಷೀನ್ ಕಂಪನಿಗಳು ಎಷ್ಟೋ ಕಿಟ್ ಬದಲಿಸಿವೆ. ಆದರೆ ಯಾವ ಲ್ಯಾಬಿನಲ್ಲಿ ಯಾವ ಕಿಟ್ ಎಂದು ರೋಗಿಗೆ ಎಲ್ಲಿ ಗೊತ್ತಾಗಬೇಕು?

ನನಗೆ ಹೊಟ್ಟೆ ಉರಿಯುವುದು ಇಲ್ಲಿ. ಥೈರಾಯ್ಡ್ ಕಡಿಮೆಯಾದರೆ ಕೂದಲು ಉದುರುತ್ತದೆ. ಕೂದಲು ಉದುರಿದರೆ ಜನ ಬಯೋಟಿನ್ ಕೊಳ್ಳುತ್ತಾರೆ. ಅಂದರೆ ಯಾರ ರಿಪೋರ್ಟ್ ಕೆಡಬಾರದೋ ಅವರೇ ಅದನ್ನು ನುಂಗುತ್ತಾರೆ. ನಮ್ಮ ದೇಶದಲ್ಲಿ ಎಂಟು ಊರುಗಳಲ್ಲಿ 5360 ಜನರನ್ನು ಪರೀಕ್ಷಿಸಿ 2013ರಲ್ಲಿ ಒಂದು ಅಧ್ಯಯನ ಬಂತು. ಮುಂಬಯಿ, ಗೋವಾ, ಬೆಂಗಳೂರು ಎಲ್ಲ ಅದರಲ್ಲಿತ್ತು. 10.95 ಶೇಕಡಾ ಜನಕ್ಕೆ ಥೈರಾಯ್ಡ್ ಕಡಿಮೆ ಇತ್ತು. ಇಷ್ಟು ಜನರಲ್ಲಿ ಎಷ್ಟು ಮನೆಯಲ್ಲಿ ಇಂಥ ಡಬ್ಬಿ ಇರಬಹುದು, ಯೋಚನೆ ಮಾಡ್ರಿ. ನಮ್ಮ ಕೌಂಟರಿನಲ್ಲಿ "ತಿಂಡಿ ತಿಂದ್ರಾ?" ಅಂತ ಎಲ್ಲರನ್ನೂ ಕೇಳುತ್ತಾರೆ. ಕೂದಲಿನ ಮಾತ್ರೆ ಕೇಳುವುದಿಲ್ಲ. ನಾನು ಎರಡು ವರ್ಷ ಹಟ ಹಿಡಿದು ನಮ್ಮ ಫಾರ್ಮಿನಲ್ಲಿ ಒಂದು ಸಾಲು ಸೇರಿಸಿದ್ದೇನೆ.

ಈಗ ನೀವು ಮಾಡಬೇಕಾದದ್ದು: ಡಬ್ಬಿ ಮುಚ್ಚಿಡಿ. ಟೆಸ್ಟಿಗೆ ಕನಿಷ್ಠ ಎರಡು ದಿನ ಮೊದಲು ಬಯೋಟಿನ್ ನಿಲ್ಲಿಸಬೇಕು ಅನ್ನುತ್ತಾರೆ. ನಿಮ್ಮದು ದೊಡ್ಡ ಡೋಸ್, ನಾಲ್ಕು ದಿನ ಬಿಡಿ. ನಂತರ ಟಿಎಸ್‌ಎಚ್, ಫ್ರೀ ಟಿ4, ವಿಟಮಿನ್ ಡಿ ಮತ್ತೆ ಕೊಡಿ. ಥೈರೊನಾರ್ಮ್ ಡೋಸ್ ನೀವೇ ಏರಿಸಬೇಡಿ. ಡಬ್ಬಿಯನ್ನೇ ತಗೊಂಡು ಡಾಕ್ಟರ ಹತ್ತಿರ ಹೋಗಿ. ಫೋಟೋ ಅಲ್ಲ, ಡಬ್ಬಿ.

ವಾಸ್ಕೋ, ಗೋವಾ:

ನಾನು ಬಹಳ ದಿನದಿಂದ ಸುಮ್ಮನೆ ಓದುವವಳು. ಇವತ್ತು ಬರೆಯಲೇಬೇಕು ಅನ್ನಿಸಿತು. ಪುಣೆಯ ಅಣ್ಣ ಹೇಳಿದ್ದು ಸರಿ ಇರಬಹುದು. ಆದರೆ ಬಯೋಟಿನ್ ಬಿಟ್ಟ ಮೇಲೂ ಟಿಎಸ್‌ಎಚ್ ನಾರ್ಮಲ್ ಬಂದು, ಮೈ ಹೀಗೇ ಇದ್ದರೆ ದಯವಿಟ್ಟು ಅಲ್ಲಿಗೆ ಬಿಡಬೇಡಿ. ನನ್ನ ಅಮ್ಮನಿಗೆ ಆದದ್ದು ಹೇಳುತ್ತೇನೆ.

ನಮ್ಮದು ಹಾನಗಲ್ ಹತ್ತಿರ ಒಂದು ಹಳ್ಳಿ. ಅಪ್ಪ ಮುರಗಾಂವ್ ಬಂದರಿನ ಕೆಲಸಕ್ಕೆ ಬಂದವರು. 1987ರಲ್ಲಿ ನನ್ನ ತಮ್ಮ ಊರಿನಲ್ಲೇ, ಮನೆಯಲ್ಲಿ ಹುಟ್ಟಿದ. ಅಮ್ಮನಿಗೆ ರಕ್ತ ಹೋಗಿ ಹೋಗಿ ಎಚ್ಚರ ತಪ್ಪಿತ್ತಂತೆ. ಎತ್ತಿನ ಗಾಡಿಯಲ್ಲಿ ಹೊತ್ತುಕೊಂಡು ಹೋಗಿ ಉಳಿಸಿಕೊಂಡರು. ಆಮೇಲೆ ಎದೆಹಾಲು ಬರಲೇ ಇಲ್ಲ. ತಮ್ಮನನ್ನು ಆಕಳ ಹಾಲಿನಲ್ಲಿ ಬೆಳೆಸಿದರು. ಅಮ್ಮ ಮತ್ತೆ ಮುಟ್ಟಾಗಲಿಲ್ಲ. ಆಗ ಅವರಿಗೆ 26 ವರ್ಷ. "ದೇವರು ಒಂದು ಕಷ್ಟ ಕಡಿಮೆ ಮಾಡಿದ" ಎಂದು ಅಜ್ಜಿ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ನನಗೆ ಬುದ್ಧಿ ಬಂದಾಗಿನಿಂದ ಅಮ್ಮ ಅಂದರೆ ಸುಸ್ತು. ವಾಸ್ಕೋದ ಸೆಕೆಯಲ್ಲೂ ಕಂಬಳಿ. ಮುಖ ಬಿಳಚಿಕೊಂಡು, ಹುಬ್ಬಿನ ಕೂದಲು ಹೋಗಿತ್ತು. ನೆರೆಯವರು ಸೋಮಾರಿ ಅನ್ನುತ್ತಿದ್ದರು. ನಾನೂ ಒಮ್ಮೆ ಅಂದಿದ್ದೇನೆ. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಒಬ್ಬ ಡಾಕ್ಟರು ಟಿಎಸ್‌ಎಚ್ ಮಾತ್ರ ಮಾಡಿಸಿದರು. 2.9 ಬಂತು. ಥೈರಾಯ್ಡ್ ಇಲ್ಲ ಎಂದು ಟಾನಿಕ್ ಬರೆದುಕೊಟ್ಟರು.

2009ರ ಮಳೆಗಾಲದಲ್ಲಿ ಎರಡು ದಿನ ವಾಂತಿ ಭೇದಿ ಆಗಿ ಅಮ್ಮ ಮಾತು ತೊದಲಿ ಬಿದ್ದರು. ಆಸ್ಪತ್ರೆಯಲ್ಲಿ ರಕ್ತದ ಸೋಡಿಯಂ 112 ಇತ್ತು. 135ಕ್ಕಿಂತ ಮೇಲಿರಬೇಕು. ಅಲ್ಲಿ ಒಬ್ಬ ಕಿರಿಯ ಡಾಕ್ಟರ್ ಹುಡುಗಿ ನನ್ನ ಪಕ್ಕ ಕೂತು ಕೇಳಿದಳು: "ಕೊನೆಯ ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಗಿತ್ತಾ? ಮಗುವಿಗೆ ಹಾಲು ಕೊಟ್ಟಿದ್ದರಾ?" 22 ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ.

ಅದು ಶೀಹನ್ ಸಿಂಡ್ರೋಮ್. ಆಗ ಗ್ಲಾಸ್ಗೋದಲ್ಲಿದ್ದ ಡಾಕ್ಟರ್ ಹೆರಾಲ್ಡ್ ಶೀಹನ್ 1937ರಲ್ಲಿ ವಿವರಿಸಿದ್ದು. ಬಸುರಿನಲ್ಲಿ ಮೆದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ದೊಡ್ಡದಾಗುತ್ತದೆ, ಅದಕ್ಕೆ ರಕ್ತ ಜಾಸ್ತಿ ಬೇಕು. ಹೆರಿಗೆಯಲ್ಲಿ ವಿಪರೀತ ರಕ್ತ ಹೋದರೆ ಆ ಗ್ರಂಥಿ ರಕ್ತವಿಲ್ಲದೆ ಸಾಯಬಹುದು. ಹಾಲು, ಮುಟ್ಟು, ಥೈರಾಯ್ಡ್, ಕಾರ್ಟಿಸಾಲ್ (ಕಾಯಿಲೆ ಬಂದಾಗ ಮೈ ತಡೆದುಕೊಳ್ಳಲು ಬೇಕಾದ ಹಾರ್ಮೋನ್) ಎಲ್ಲಕ್ಕೂ ಅಪ್ಪಣೆ ಹೋಗುವುದು ಅಲ್ಲಿಂದಲೇ. ಟಿಎಸ್‌ಎಚ್ ತಯಾರಾಗುವುದೂ ಅಲ್ಲೇ. ಹಾಗಾಗಿ ಥೈರಾಯ್ಡ್ ಪೂರ್ತಿ ಇಳಿದರೂ ಟಿಎಸ್‌ಎಚ್ ಏರುವುದಿಲ್ಲ. ಅಮ್ಮನ ಫ್ರೀ ಟಿ4 0.3 ಇತ್ತು. ಸ್ಕ್ಯಾನ್‌ನಲ್ಲಿ ಪಿಟ್ಯುಟರಿ ಇರುವ ಗೂಡು ಖಾಲಿ.

ಮೊದಲು ಕಾರ್ಟಿಸಾಲ್ ಕೊರತೆ ತುಂಬುವ ಹೈಡ್ರೊಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟರು. ಥೈರಾಯ್ಡ್ ಮಾತ್ರೆ ಆಮೇಲೆ. ಕಾರ್ಟಿಸಾಲ್ ಇಲ್ಲದ ಮೈಗೆ ಮೊದಲೇ ಥೈರಾಯ್ಡ್ ಕೊಟ್ಟರೆ ಜೀವಕ್ಕೇ ಅಪಾಯವಂತೆ. ಮೂರನೇ ದಿನ ಅಮ್ಮ ಎದ್ದು ಕೂತು "ಚಹಾ ಕೊಡೇ" ಎಂದರು. ಈಗ 60 ದಾಟಿದೆ. ಜ್ವರ ಬಂದರೆ ಸ್ಟೀರಾಯ್ಡ್ ಮಾತ್ರೆ ಎರಡು ಪಟ್ಟು ಮಾಡಬೇಕು ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ಅವರ ಪರ್ಸಿನಲ್ಲಿ ಯಾವಾಗಲೂ ಇರುತ್ತದೆ. ಕನ್ನಡದಲ್ಲೂ ಕೊಂಕಣಿಯಲ್ಲೂ ನಾನೇ ಬರೆದು ಲ್ಯಾಮಿನೇಟ್ ಮಾಡಿಸಿದ್ದೇನೆ.

ಅಕ್ಕ, ನಿಮಗೆ ಹೆರಿಗೆಯಲ್ಲಿ ಹಾಗೇನೂ ಆಗಿಲ್ಲ ತಾನೆ?

ಡೊಂಬಿವಲಿ ಈಸ್ಟ್:

ಇಲ್ಲಮ್ಮ, ಎರಡೂ ಹೆರಿಗೆ ಸಲೀಸಾಗಿತ್ತು, ಮಕ್ಕಳಿಗೆ ಹಾಲೂ ಇತ್ತು. ನಿಮ್ಮ ಅಮ್ಮನ ಕತೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ಅವರಿಗೆ ನನ್ನ ನಮಸ್ಕಾರ ಹೇಳಿ. ನೀವು ಹೇಳಿದ ಮಾತು ಅವರು ಎಂದೋ ಮರೆತಿರುತ್ತಾರೆ. ತಾಯಂದಿರು ಹಾಗೆಯೇ.

ನಾನು ಡಬ್ಬಿ ಮುಚ್ಚಿಟ್ಟೆ. ಸೋಮವಾರ ಟೆಸ್ಟ್.

ಡೊಂಬಿವಲಿ ಈಸ್ಟ್ (ಎಂಟು ದಿನದ ನಂತರ):

ರಿಪೋರ್ಟ್ ಬಂತು. ಅದೇ ಲ್ಯಾಬ್. ಟಿಎಸ್‌ಎಚ್ 41.3. ಫ್ರೀ ಟಿ4 0.5. ವಿಟಮಿನ್ ಡಿ 14.

ಕಾಗದ ಹಿಡಿದು ಸ್ಟೇಷನ್ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಹೆದರಿ ಅಲ್ಲ. ನಾಲ್ಕು ತಿಂಗಳಿಂದ ನನ್ನ ಮೈ ಹೇಳುತ್ತಿದ್ದದ್ದು ನಿಜ ಎಂದು ಗೊತ್ತಾಯಿತಲ್ಲ, ಅದಕ್ಕೆ.

ಡಬ್ಬಿಯನ್ನೇ ತಗೊಂಡು ಹೋದೆ. ಡಾಕ್ಟರು ಮೂರೂ ರಿಪೋರ್ಟ್ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. "ನಾನು ಇನ್ನೂ ಒಂದು ಪ್ರಶ್ನೆ ಕೇಳಬೇಕಿತ್ತು" ಎಂದರು. ನಾನೂ ಹೇಳಬೇಕಿತ್ತು ಎಂದೆ. ಇಸಿಜಿ ತೆಗೆಸಿ, ಎದೆ ಸರಿ ಇದೆ ಎಂದು ಖಾತ್ರಿ ಮಾಡಿಕೊಂಡು ಮತ್ತೆ 75 ಬರೆದರು. ವಿಟಮಿನ್ ಡಿಗೆ ವಾರಕ್ಕೊಂದು ಮಾತ್ರೆ. ನನ್ನ ಫೈಲಿನ ಮೇಲೆ ಕೆಂಪು ಪೆನ್ನಿನಲ್ಲಿ ಬಯೋಟಿನ್ ಎಂದು ಬರೆದು ಗೆರೆ ಎಳೆದರು.

ಪುಣೆಯ ತಮ್ಮಾ, ಮಾತ್ರೆ ಶುರುವಾಗಿ ಐದು ದಿನ. ಏನೂ ವ್ಯತ್ಯಾಸ ಇಲ್ಲ. ಸಹಜವಾ?

ಕೊತ್ರೂಡ್, ಪುಣೆ:

ಸಹಜ ಅಕ್ಕಾ. ಈ ಮಾತ್ರೆ ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ಮೈಯಲ್ಲಿ ತುಂಬಿ ಒಂದು ಮಟ್ಟಕ್ಕೆ ನಿಲ್ಲಲು ಐದಾರು ವಾರ. ಅದಕ್ಕೇ ಆರರಿಂದ ಎಂಟು ವಾರದ ಮೊದಲು ಟಿಎಸ್‌ಎಚ್ ಮಾಡಿಸಬೇಡಿ ಅನ್ನುವುದು. ನಡುವೆ ಮಾಡಿಸಿ ಆ ಅಂಕಿಗೆ ಹೆದರಬೇಡಿ.

ವಾಸ್ಕೋದ ಅಕ್ಕಾ, ನಿಮ್ಮ ಅಮ್ಮನ ವಿಷಯ ನಮ್ಮ ಲ್ಯಾಬಿನ ಹುಡುಗರಿಗೆ ಓದಿ ಹೇಳಿದೆ. ಬರೀ ಟಿಎಸ್‌ಎಚ್ ಬರೆದು ಕಳಿಸುವ ಚೀಟಿ ದಿನಕ್ಕೆ ಎಷ್ಟೋ ಬರುತ್ತವೆ.

ಡೊಂಬಿವಲಿ ಈಸ್ಟ್ (ಜುಲೈ):

ಏಳು ವಾರದ ರಿಪೋರ್ಟ್. ಟಿಎಸ್‌ಎಚ್ 6.8, ಫ್ರೀ ಟಿ4 1.1. ಇನ್ನೂ ಸ್ವಲ್ಪ ಇಳಿಯಬೇಕು, ಅದೇ ಡೋಸ್ ಇರಲಿ ಎಂದಿದ್ದಾರೆ. ಮುಖದ ಬಾವು ಹೋಗಿದೆ. ಬಳೆ ಏರುತ್ತದೆ. ನಾಡಿ 72. ಜೂನ್ ಕೊನೆಯ ಲೆಕ್ಕ ಒಂದೇ ಸಲಕ್ಕೆ ತಾಳೆಯಾಯಿತು. ಕೂದಲು ಇನ್ನೂ ಉದುರುತ್ತಿದೆ, ಅದಕ್ಕೆ ಇನ್ನೂ ಮೂರು ನಾಲ್ಕು ತಿಂಗಳು ಬೇಕಂತೆ.

ನಾದಿನಿಗೆ ಫೋನ್ ಮಾಡಿ ಹೇಳಿದೆ. ಅವಳಿಗೂ ಥೈರಾಯ್ಡ್ ಇದೆ, ಅವಳೂ ಅದೇ ಡಬ್ಬಿ ನುಂಗುತ್ತಾಳೆ. ಹೋದ ತಿಂಗಳು ಅವಳ ಡೋಸನ್ನೂ ಇಳಿಸಿದ್ದಾರಂತೆ. ಈ ಶನಿವಾರ ಅವಳು ಮತ್ತೆ ರಕ್ತ ಕೊಡುತ್ತಾಳೆ. ಅವಳ ರಿಪೋರ್ಟ್ ಬಂದ ಮೇಲೆ ಇಲ್ಲೇ ಬರೆಯುತ್ತೇನೆ.